ಗೊಂಬೆ ಸಾಬರ ಹಳದಿ ಲೋಟ

ಮೊನ್ನೆ ಷೋಕೇಸ್ ಒರೆಸುವಾಗ ಹಿಂದಿನ ಸಾಲಿನಿಂದ ಹಳದಿ ಮರದ ಲೋಟವೊಂದು ಕೈಗೆ ಬಂತು. ಮುಚ್ಚಳ ತೆಗೆದರೆ ಅರಗಿನ ವಾಸನೆ... ಚನ್ನಪಟ್ಟಣದ ನಮ್ಮ ಎದುರುಮನೆಯ ಗೊಂಬೆ ಸಾಬರೇ ಬಂದು ನಿಂತ ಹಾಗಾಯಿತು.

ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಜೆಲಸಿ ಈಸ್ ಎ ಸಿನ್ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಆದರೂ ಇತ್ತು.

ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಅದರಲ್ಲೂ ಅಪರೂಪದ ಬಗೆ. ವಾರಕ್ಕೆ ಐದು ದಿನ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ರೇಡಿಯೇಷನ್. ಜೊತೆಗೆ ನಾನು ಬೇಡವಂತೆ, ‘ಜೆಂಟ್ಸ್ ಮ್ಯಾಟರ್’. ಸಾಬರು ಗೊಂಬೆ ಕಡೆಯುವ ಲೇತ್ ನಿಲ್ಲಿಸಿ ಅವರ ಜೊತೆ ಹೊರಡುತ್ತಿದ್ದರು. ಮೆಷಿನ್ನಿನಡಿ ಮಲಗುವಾಗ ಮೂತ್ರಕೋಶ ತುಂಬಿರಬೇಕಲ್ಲ, ಕುಡಿಯುವ ನೀರಿನ ಅಳತೆಗೆಂದು ಈ ಲೋಟ ಕಡೆದುಕೊಟ್ಟವರೂ ಅವರೇ. ಇಬ್ಬರೂ ನಗುತ್ತ ವಾಪಸು ಬರುವರು. ನಮ್ಮ ಗೇಟಿನ ಹತ್ತಿರ ನಗು ನಿಲ್ಲುವುದು. ನನ್ನ ಮಾತಿಗೆ ಯಜಮಾನರು ಹಾಗೆ ನಕ್ಕದ್ದು ನೆನಪಿಲ್ಲ.

ಒಂದು ಭಾನುವಾರ ಬೆನ್ನುಜ್ಜಲು ಹೋದೆ. ಸೊಂಟದ ಎರಡೂ ಕಡೆ ನೇರಳೆ ಗೆರೆ. ಸಂಜೆಯೆಲ್ಲ ಸಾಬರ ಲೇತಿನ ಪಕ್ಕ ಕೂತೆದ್ದು ಬರುವವರು, ಗೊಂಬೆಯ ಬಣ್ಣ ಪಂಚೆ ದಾಟಿ ಮೈಗಂಟಿದೆ ಅಂದುಕೊಂಡೆ. ಯಜಮಾನರು ಬೇಡ ಎನ್ನುವಷ್ಟರಲ್ಲಿ ಸೀಗೆಪುಡಿ ಹಾಕಿ ಉಜ್ಜಿಬಿಟ್ಟಿದ್ದೆ, ಸಾಬರನ್ನೇ ತೊಳೆದು ಚೆಲ್ಲುವವಳ ಹಾಗೆ. ರೇಡಿಯೇಷನ್ ಎಲ್ಲಿ ಬೀಳಬೇಕೆಂದು ಆಸ್ಪತ್ರೆಯವರು ಹಾಕಿದ ಗುರುತು ಅದು. ಸಾಬರಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿರಲಿಲ್ಲ.

ಯಜಮಾನರು ಮೈ ಒರೆಸಿಕೊಂಡು ನೇರ ಎದುರುಮನೆಗೆ ಹೋದರು. ಸಂಜೆ ಸಾಬರು ಬಂದು ಬಾಗಿಲಲ್ಲೇ ನಿಂತರು.

“ಬುಡಿ ಅಮ್ಮಾ, ಮರದ ಮೇಲಿನ ಗುರುತು ನಾನೂ ಎಷ್ಟು ಸಲ ಅಳಿಸ್ಕೊಂಡಿದೀನಿ. ಮತ್ತೆ ಹಾಕ್ತಾರೆ. ನಿಮ್ಗೆ ಹೇಳ್ದೆ ಇದ್ದಿದ್ದು ನಮ್ಮದೇ ತಪ್ಪು.” ಲೋಟವನ್ನು ನನ್ನ ಕೈಗಿಟ್ಟರು. “ನಾಳೆಯಿಂದ ನೀವೇ ಹೋಗ್ಬನ್ನಿ. ನಂಗೆ ದೊಡ್ಡ ಆರ್ಡರ್ ಐತೆ.”

ಆರ್ಡರ್ ಗೀರ್ಡರ್ ಏನೂ ಇರಲಿಲ್ಲ. ಆ ವಾರವೆಲ್ಲ ಲೇತಿನ ಸದ್ದೇ ಕೇಳಲಿಲ್ಲ.

ಹೋದೆ. ಹೊಸದಾಗಿ ಅಳೆದು ಗೆರೆ ಹಾಕಿದರು. ಮರುದಿನ ಕೆಂಗೇರಿಯಲ್ಲಿ ಅಳತೆಯ ನೀರು ಕುಡಿಸಿದೆ. ಮುಂದೆ ರಸ್ತೆಯ ಒಂದು ಹಂಪಿನಲ್ಲಿ ಕಾರು ಎಗರಿದ್ದೇ ಯಜಮಾನರು ಲೋಟ ನೋಡಿ ಒಬ್ಬರೇ ನಕ್ಕರು. ಏನೆಂದು ಕೇಳಿದೆ.

“ಈ ಹಂಪ್ ಬಂದಾಗ ಸಾಬ್ರು ಒಂದು ಮಾತು ಹೇಳೋರು... ಬಿಡು, ನಿಂಗೆ ನಗು ಬರಲ್ಲ.”

ಪಕ್ಕದ ಸೀಟು ಸಿಕ್ಕಿತ್ತು, ಅಷ್ಟೆ.

ಯಜಮಾನರು ಹೋದರು. ಆಮೇಲೆ ಸಾಬರೂ... ಅವರಿಗೊಂದು ಥ್ಯಾಂಕ್ಸ್ ಹೇಳಲಿಲ್ಲ ನಾನು. ಹಂಪಿನ ಆ ಮಾತು ಏನೆಂದು ಕೇಳಲು ಬಿಗುಮಾನ ಬಿಡಲಿಲ್ಲ. ಈಗ ಹೇಳುವವರು ಯಾರೂ ಇಲ್ಲ.

ಮೊನ್ನೆ ಲೋಟ ತೊಳೆದು, ತುಂಬ ನೀರು ಹಾಕಿಕೊಂಡು ಕುಡಿದೆ. ಯಜಮಾನರು ಹೇಳಿದ್ದು ಸರಿ, ನಗು ಬರಲಿಲ್ಲ.