ಬಂತಕ್ಕ ನೋಡದೆ ಹೇಳಿದ ಮಾತು

ಅವಳ ನಿಜವಾದ ಹೆಸರು ಗಂಡನನ್ನೂ ಬ್ಯಾಂಕಿನವರನ್ನೂ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ. ಆ ಬೀದಿಗಳಲ್ಲಿ ಅವಳು ಬಂತಕ್ಕ. ಗಂಡ ಬಚ್ಚಲುಮನೆಗಳಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸುವವನು. ಅವನು ಒಳಗೆ ಏಣಿಯ ಮೇಲೆ, ಫಾಲ್ಸ್ ಸೀಲಿಂಗಿನ ತೂತಿನಲ್ಲಿ ತಲೆ ತೂರಿಸಿ ನಿಂತಿರುತ್ತಾನೆ. ಇವಳು ಹೊರಗೆ ಗೋಡೆಯ ಕೆಳಗೆ, ಕತ್ತೆತ್ತಿಕೊಂಡು. ಫ್ಯಾನ್ ಹಾಕಿ ಅವನು "ಬಂತೇನೇ?" ಎಂದು ಕೂಗುತ್ತಾನೆ. ಪೈಪಿನ ಹೊರಬಾಯಿಗಿರುವ ಪ್ಲಾಸ್ಟಿಕ್ ಮುಚ್ಚಳ ಗಾಳಿಗೆ ಪಟಪಟ ಎದ್ದರೆ ಇವಳು "ಬಂತು!" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷ ಇದನ್ನೇ ಕೂಗಿ ಕೂಗಿ ಹೆಸರು ಹೀಗಾಯಿತು, ಕತ್ತು ಹಾಗಾಯಿತು. ಈಗ ತಲೆ ಎತ್ತಿದರೆ ಬೆನ್ನಿನವರೆಗೂ ಚುಳ್ಳೆನ್ನುತ್ತದೆ.

ಇದೇನು ಮಹಾ ಕೆಲಸ ಎನ್ನುವವರಿದ್ದಾರೆ. ಅಂಥವರು ಫ್ಯಾನಿನ ಜಾಲರಿಗೆ ಕಾಗದದ ಚೂರು ಹಿಡಿಯುತ್ತಾರೆ, ಅದು ಅಂಟಿಕೊಂಡರೆ ಧನ್ಯರಾಗುತ್ತಾರೆ. "ಎಳೆಯೋದು ಯಾವ ಫ್ಯಾನಾದ್ರೂ ಎಳೆಯುತ್ತೆ ಸ್ವಾಮಿ, ಎಳೆದಿದ್ದು ಎಲ್ಲಿಗೆ ಹೋಯ್ತು ಅಂತ ನೋಡ್ಬೇಕು," ಎನ್ನುತ್ತಾನೆ ಗಂಡ. ಹೊರಗೆ ಹೋಗದ ಹಬೆ ಸೀಲಿಂಗಿನ ಮೇಲೆ ಕೂತು ನೀರಾಗುತ್ತದೆ, ಬೂಷ್ಟಾಗುತ್ತದೆ. ಅದಕ್ಕೇ ಅವನು ಪೈಪನ್ನು ಹೊರಗೋಡೆಯ ಕಡೆಗೆ ಒಂದಿಷ್ಟು ಇಳಿಜಾರು ಮಾಡಿ, ಎಲ್ಲೂ ಮಡಿಕೆ ಬೀಳದಂತೆ ಎಳೆದು, ಕ್ಲಾಂಪ್ ಬಿಗಿದು, ಕೊನೆಗೆ ಹೆಂಡತಿಯ ಒಂದು ಮಾತಿಗೆ ಕಾಯುತ್ತಾನೆ. ಆ ಮಾತು ಬಂದ ಮೇಲೆ ಕೆಳಗಿಳಿದು ನೋಡಿದವನಲ್ಲ.

ಈ ಸಲ ಕರೆದದ್ದು ಮೊದಲ ಮಹಡಿಯ ಟೀಚರು. ಪಾಠ ಹೇಳುವುದನ್ನು ಬಿಟ್ಟು ಹತ್ತು ವರ್ಷವಾದರೂ ತಪ್ಪು ಹಿಡಿಯುವುದನ್ನು ಬಿಟ್ಟಿರಲಿಲ್ಲ. ಆರು ವರ್ಷದ ಹಿಂದೆ ಅವರ ಬಚ್ಚಲಿಗೆ ಫ್ಯಾನ್ ಕೂರಿಸಿದವರು ಇವರೇ. ಆಗಿನಿಂದಲೂ ಸೀಲಿಂಗಿನಲ್ಲಿ ಒದ್ದೆ ಕಲೆ, ಅಂತೆ.

"ಮೇಲಿನ ಮನೆ ಟೈಲರಮ್ಮನ ಬಚ್ಚಲು ಸೋರ್ತಾ ಇದೆ. ಎರಡು ಸಲ ನೆಲ ಒಡೆಸಿದ್ದಾಯ್ತು, ನಿಲ್ಲಲಿಲ್ಲ. ಭಾನುವಾರದೊಳಗೆ ಮನೆ ಖಾಲಿ ಮಾಡು ಅಂತ ಓನರ್ ಅವಳಿಗೆ ಹೇಳಿದ್ದಾರೆ. ನೀವು ಸೀಲಿಂಗ್ ಬಿಚ್ಚಿ ಒಂದು ಫೋಟೋ ತೆಗೆದುಕೊಡಿ, ಆಮೇಲೆ ಅವಳು ತಕರಾರು ಮಾಡ್ಬಾರ್ದು," ಎಂದರು ಟೀಚರು.

ಮೇಲಿನ ಮೆಟ್ಟಿಲ ಹತ್ತಿರ ಹೊಲಿಗೆ ಯಂತ್ರ ಆಗಲೇ ಗೋಣಿಚೀಲ ಸುತ್ತಿಕೊಂಡು ನಿಂತಿತ್ತು. ಟೈಲರಮ್ಮ ಅದಕ್ಕೆ ಹಗ್ಗ ಬಿಗಿಯುತ್ತಿದ್ದಳು. ಎದ್ದು ಓಡಾಡಲಾಗದ ತಾಯಿಯನ್ನು ಜೊತೆಗಿಟ್ಟುಕೊಂಡವಳಿಗೆ ಬೇರೆ ಮನೆ ಸಿಗುವುದು ಸುಲಭವಲ್ಲ. ಬಂತಕ್ಕ ಆ ಕಡೆ ನೋಡದೆ ಏಣಿ ಹಿಡಿದಳು.

ಗಂಡ ಸೀಲಿಂಗ್ ಬಿಚ್ಚಿ ಟಾರ್ಚ್ ಬಿಟ್ಟ. "ಮೇಲೆ ಒಂದು ಬಿರುಕೂ ಇಲ್ಲ ಟೀಚರೇ. ಪೈಪ್ ಗೋಡೆಯಿಂದ ಕಳಚಿ ಬಿದ್ದಿದೆ. ಹಬೆಯೆಲ್ಲ ಇಲ್ಲೇ ತುಂಬ್ಕೊಂಡಿದೆ."

"ಯಾವಾಗ ಕಳಚಿದ್ದು?"

"ಒಂದು ತಿಂಗಳಾಗಿರ್ಬಹುದು. ಕೂರಿಸಿದಾಗ ಸರಿಯಾಗೇ ಇತ್ತು, ಇವಳೇ ನೋಡಿದ್ಳು."

"ಹಾಗಾದ್ರೆ ಅದಕ್ಕೂ ಮುಂಚಿನ ಕಲೆ? ಅದು ಮೇಲಿನವಳದ್ದೇ." ಟೀಚರ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಆದರೆ ಅವತ್ತು ಬಂತಕ್ಕ ನೋಡಿರಲಿಲ್ಲ. ಆಗ ಅತ್ತೆ ಆಸ್ಪತ್ರೆಯಲ್ಲಿದ್ದರು, ಬಂತಕ್ಕ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಅದು ಅವತ್ತಿನ ನಾಲ್ಕನೇ ಮನೆ. ಪೈಪಿನ ಬಾಯಿ ಹಿಂದಿನ ಓಣಿಗಿತ್ತು. ನೋಡಬೇಕೆಂದರೆ ಇಡೀ ಕಟ್ಟಡ ಸುತ್ತಬೇಕು. ಒಂದೇ ನಿಮಿಷ ಎಂದು ಅರ್ಧ ಮೆಟ್ಟಿಲಲ್ಲಿ ಕೂತಳು. "ಬಂತೇನೇ?" ಎಂದು ಕೇಳಿಸಿತು. ಮೆಟ್ಟಿಲ ಕಿಟಕಿಯೂ ಅದೇ ಓಣಿಗೆ ತೆರೆದಿತ್ತು, ಕೂಗಿದರೆ ಓಣಿಯಿಂದಲೇ ಕೂಗಿದಂತೆ ಕೇಳಿಸುತ್ತದೆ. ಕೂತಲ್ಲಿಂದಲೇ "ಬಂತು!" ಎಂದಳು. ಗಂಡನ ಕೈಕೆಲಸ ಯಾವತ್ತು ತಪ್ಪಿದೆ?

ಇವತ್ತು ಗಂಡ ಪೈಪನ್ನು ಮತ್ತೆ ಜೋಡಿಸುವಷ್ಟರಲ್ಲಿ ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಕಟ್ಟಡ ಸುತ್ತಿ ಓಣಿಗೆ ಬಂದಳು. ಕತ್ತೆತ್ತಿದಳು. ಮುಚ್ಚಳಕ್ಕೆ ಅಡ್ಡಲಾಗಿ ಹಳದಿ ಟೇಪು. ದಾರಿಯಲ್ಲಿ ಅಲ್ಲಾಡಿ ಮುರಿಯದಿರಲೆಂದು ಫ್ಯಾಕ್ಟರಿಯವರು ಅಂಟಿಸಿ ಕಳಿಸುವ ಟೇಪು. ಅವತ್ತು ಆ ಬಾಯನ್ನು ಹೊರಗಿನಿಂದ ಕೂರಿಸಿದ್ದು ಕಟ್ಟಡಕ್ಕೆ ಬಣ್ಣ ಹೊಡೆಯಲು ಸಾರುವೆ ಮೇಲಿದ್ದ ಪೇಂಟರ್, ಅವನು ಬಿಚ್ಚಿರಲಿಲ್ಲ. ಬಿಸಿಲಿಗೆ ಬಣ್ಣ ಮಾಸಿದ್ದರೂ ಅಂಟು ಬಿಟ್ಟಿರಲಿಲ್ಲ. ಆರು ವರ್ಷ ಒಂದು ಉಸಿರೂ ಹೊರಗೆ ಬಂದಿರಲಿಲ್ಲ, ಹಬೆಯೆಲ್ಲ ಪೈಪಿನ ಸಂದಿಗಳಿಂದ ಸೀಲಿಂಗಿಗೇ ಇಳಿದು ನೀರಾಗಿತ್ತು. ದಾರಿ ಸಿಗದ ಗಾಳಿ ಪೈಪನ್ನೇ ತಳ್ಳಿ ಕಳಚಿತ್ತು. ಅವತ್ತು ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ಓಣಿಯಲ್ಲಿ ಯಾರೋ ಬಿಟ್ಟುಹೋದ ಉದ್ದನೆಯ ಗಳ ಬಿದ್ದಿತ್ತು. ಅದರ ತುದಿಯಿಂದ ಟೇಪು ಕಿತ್ತು "ಬಂತು" ಎಂದುಬಿಟ್ಟರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಅವಳು ಗಳವನ್ನು ಎತ್ತಿಕೊಂಡಳು ಕೂಡ. ಇವತ್ತೂ ದಣಿವಾಗಿತ್ತು, ಅವತ್ತಿಗಿಂತ ಹೆಚ್ಚು. ಜಗಳ, ವಿವರಣೆ, ಗಂಡನ ಮುಖ, ಇದಾವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಮೇಲಿನ ಮನೆಯಿಂದ ಪಾತ್ರೆಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬುವ ಸದ್ದು ಬರುತ್ತಿತ್ತು.

"ಬಂತೇನೇ?"

ಬಂತಕ್ಕ ಗಳವನ್ನು ಗೋಡೆಗೆ ಒರಗಿಸಿದಳು. "ಇಲ್ಲ ರೀ! ಬಂದಿಲ್ಲ! ಮುಚ್ಚಳದ ಟೇಪೇ ಬಿಚ್ಚಿಲ್ಲ, ಆರು ವರ್ಷದಿಂದ ಹಾಗೇ ಇದೆ! ಅವತ್ತು ನಾನು ನೋಡ್ಲೇ ಇಲ್ಲ, ಮೆಟ್ಟಿಲ ಮೇಲೆ ಕೂತು ಹೇಳ್ಬಿಟ್ಟೆ! ಟೀಚರೇ, ಆ ನೀರು ಮೇಲಿಂದ ಬಂದಿದ್ದಲ್ಲ!"

ಮೇಲಿನ ಕಿಟಕಿ ತೆರೆಯಿತು. ಟೈಲರಮ್ಮ ಬಗ್ಗಿ ಇವಳನ್ನೇ ನೋಡಿದಳು. "ಎರಡು ಸಲ ನೆಲ ಒಡೆಸಿದ್ರಲ್ಲಕ್ಕಾ," ಎಂದಳು. "ಅಮ್ಮನ್ನ ಎತ್ಕೊಂಡು ಹೋಗಿ ಪಕ್ಕದ ಮನೇಲಿ ಸ್ನಾನ ಮಾಡಿಸ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ತಪ್ಪಾಯ್ತು ಕಣಮ್ಮ," ಎಂದಳು ಬಂತಕ್ಕ. ಕಿಟಕಿ ಮುಚ್ಚಿತು.

"ಈಗ ಯಾವ ಮುಖ ಇಟ್ಕೊಂಡು ಮೇಲೆ ಹೋಗ್ಲಿ ನಾನು?" ಎಂದು ಟೀಚರು ಬಚ್ಚಲಲ್ಲಿ ತಮ್ಮನ್ನು ತಾವೇ ಕೇಳಿಕೊಂಡರು. ಸ್ವಲ್ಪ ಹೊತ್ತಿಗೆ ಓನರಿಗೆ ಫೋನ್ ಮಾಡಿದ್ದು ಓಣಿಗೂ ಕೇಳಿಸಿತು. ತಪ್ಪು ತಮ್ಮದೆಂದು ಒಪ್ಪಿಕೊಳ್ಳುವುದನ್ನೂ ಅವರು ಪಾಠ ಹೇಳಿದ ಹಾಗೇ ಹೇಳಿದರು: ಯಾರೂ ಮನೆ ಬಿಡಬೇಕಾಗಿಲ್ಲ, ಮತ್ತೊಮ್ಮೆ ಹೇಳುತ್ತೇನೆ, ಬಿಡಬೇಕಾಗಿಲ್ಲ. ಆಮೇಲೆ ಮೇಲಿನ ಮಹಡಿಯಲ್ಲಿ ಹೊಲಿಗೆ ಯಂತ್ರವನ್ನು ಒಳಗೆ ಎಳೆದುಕೊಳ್ಳುವ ಸದ್ದಾಯಿತು.

ಗಂಡ ಫ್ಯಾನ್ ಆರಿಸಿರಲಿಲ್ಲ, ಅದು ಒಳಗೆ ಓಡುತ್ತಲೇ ಇತ್ತು.

ಅವಳು ಗಳದ ತುದಿಯಿಂದ ಟೇಪು ಕಿತ್ತಳು. ಮುಚ್ಚಳ ಎದ್ದು, ಹಳೆಯ ಬೂಷ್ಟಿನ ವಾಸನೆಯ ಬೆಚ್ಚನೆ ಗಾಳಿ ಹೊರಗೆ ನುಗ್ಗಿತು.

"ಬಂತು ರೀ," ಎಂದಳು. ಇನ್ನೊಂದು ಸಲ ಕೂಗಿ ಹೇಳಿದಳು.

ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಗಂಡ ಕಟ್ಟಡ ಸುತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ, ಅವಳ ಮುಖ ನೋಡಲಿಲ್ಲ. ಕತ್ತೆತ್ತಿ, ಮುಚ್ಚಳ ಪಟಪಟ ಬಡಿಯುವುದನ್ನು ತಾನೇ ನೋಡಿ, ಏಣಿ ತೆಗೆಯಲು ಒಳಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಅವನು ಕೆಳಗಿಳಿದು ಬಂದು ನೋಡಿದ್ದು ಅದೇ ಮೊದಲು.