ದೇವರ ಪೆಟ್ಟಿಗೆಯಲ್ಲಿದ್ದ ಕತ್ತೆಯ ಹಲ್ಲು

ವೀಣಾ, ಮನು — ದೇವರ ಪೆಟ್ಟಿಗೆಯಲ್ಲಿದ್ದ ಕುದುರೆಯ ಹಲ್ಲನ್ನು ಒಡೆದವಳು ನಾನು. ಅದರ ಜಾಗದಲ್ಲಿ ಕತ್ತೆಯ ಹಲ್ಲು ಇಟ್ಟವಳೂ ನಾನೇ. ನಿಮ್ಮ ದೊಡ್ಡಜ್ಜ ಅಲ್ಲ, ಅವರ ಅಪ್ಪನೂ ಅಲ್ಲ. ನಿಮ್ಮ ಅಜ್ಜಿ.

ಎದುರು ಕೂತು ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಿರೇನಲ್ಲೂರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಬರಹ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆಯ ಹಿರಿಯರೊಬ್ಬರು ತರೀಕೆರೆ ಪಾಳೆಗಾರರಲ್ಲಿ ಸವಾರರಾಗಿದ್ದರಂತೆ. ಕುದುರೆ ಸತ್ತಾಗ ಅದರ ದವಡೆ ಹಲ್ಲೊಂದನ್ನು ತಂದಿಟ್ಟುಕೊಂಡರಂತೆ. ನನ್ನ ಮಾವ, ಅಂದರೆ ದೊಡ್ಡಜ್ಜನ ಅಪ್ಪ, ಹೀಗೆ ಹೇಳುತ್ತಿದ್ದರು. ಆಯುಧಪೂಜೆಯ ದಿನ ಕುಡಗೋಲು, ನೇಗಿಲಿನ ಜೊತೆ ಅದಕ್ಕೂ ಕುಂಕುಮ. ಮಕ್ಕಳಿಗೆ ಹಲ್ಲು ಬರುವಾಗ ಜ್ವರ ಕಾಣಿಸಿದರೆ, ಮಾವ ಅದನ್ನು ಸಾಣೆಕಲ್ಲಿನ ಮೇಲೆ ಹಾಲಿನಲ್ಲಿ ಎರಡು ಸುತ್ತು ತೇಯ್ದು ನಾಲಿಗೆಗೆ ಸವರುತ್ತಿದ್ದರು. ಹೆಂಗಸರು ಮುಟ್ಟುವಂತಿರಲಿಲ್ಲ.

ನಿಮ್ಮಪ್ಪನಿಗೆ ಆಗ ಎಂಟು ತಿಂಗಳು. ಮೈ ಸುಡುತ್ತಿತ್ತು. ಗಂಡಸರೆಲ್ಲ ಅಜ್ಜಂಪುರದ ಕಡೆ ಹೋರಿ ನೋಡಲು ಹೋಗಿದ್ದರು. ಪೆಟ್ಟಿಗೆ ತೆಗೆದೆ. ಎರಡು ಸುತ್ತು ತೇಯ್ದೆ — ಸಾಲದೆಂದು ಇನ್ನೂ ಒತ್ತಿ ತೇಯ್ದೆ. ಹಲ್ಲು ಕೈಜಾರಿ ಒರಳಿನ ಅಂಚಿಗೆ ಬಡಿದು ಚೂರುಚೂರಾಯಿತು.

ಚೂರುಗಳನ್ನು ಒಗೆಯುವ ಬಟ್ಟೆಯ ಗಂಟಿನಲ್ಲಿ ಅಡಗಿಸಿಕೊಂಡು ಹೋಗಿ ಕೆರೆಗೆ ಚೆಲ್ಲಿದೆ. ದಡದಾಚೆ ಅಗಸರ ಕತ್ತೆಯೊಂದು ಎಂದೋ ಸತ್ತು ಬರೀ ಎಲುಬಾಗಿ ಬಿದ್ದಿತ್ತು. ಅದರ ಹಲ್ಲೂ ಹಾಗೇ ಕಂಡಿತು, ತುಸು ಸಣ್ಣದು ಅಷ್ಟೆ. ಕಿತ್ತು ತಂದು, ಅರಿಶಿನ ಕುಂಕುಮ ಮೆತ್ತಿ ಇಟ್ಟೆ. ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಅವರು ತೀರಿಕೊಳ್ಳುವ ಮುಂಚೆಯೂ — ಇಲ್ಲ, ಹೇಳಲಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಮಾವ, ಭಾವ — ಅದೇ, ನಿಮ್ಮ ದೊಡ್ಡಜ್ಜ — ಇಬ್ಬರೂ ಅದಕ್ಕೆ ಅಡ್ಡಬಿದ್ದರು. ನಾನು ನೋಡುತ್ತಿದ್ದೆ.

ಕಳೆದ ವರ್ಷ, ವೀಣಾ, ನೀನು ಕಡೂರಿನ ಕಾಲೇಜಿನಲ್ಲಿ ಈ ಕಥೆ ಹೇಳಿದ್ದರಿಂದ ಆ ಸಂಶೋಧನೆಯ ಮೇಡಂ ಬಂದರು. ಹಲ್ಲಿನೊಳಗಿನ ಡಿಎನ್‌ಎಯಿಂದ ನಮ್ಮ ಸೀಮೆಯ ಹಳೆಯ ಕುದುರೆಗಳು ಯಾವ ನಾಡಿನ ತಳಿ ಎಂದು ತಿಳಿಯಬಹುದಂತೆ. ಈ ಬಿಸಿಲಿನಲ್ಲಿ, ಮಣ್ಣಿನೊಳಗೆ ಅದು ಉಳಿಯುವುದೇ ಅಪರೂಪ. ಪೆಟ್ಟಿಗೆಯಲ್ಲಿ ಒಣಗಿಯೇ ಇದ್ದ ಹಲ್ಲು ಸಿಕ್ಕಿತಲ್ಲ ಎಂದು ಅವರ ಮುಖ ಅರಳಿತ್ತು. ದೊಡ್ಡಜ್ಜ ಪೇಟ ಸುತ್ತಿಕೊಂಡು ಬಂದು ಕೂತರು.

"ತಗಳಿ ಮೇಡಮ್ಮೋರೆ, ಎಲ್ ಬೇಕೋ ಅಲ್ ಕೊರೀರಿ. ನಮ್ಮಪ್ಪ ಸುಳ್ ಹೇಳೋನಲ್ಲ."

ಆಗಲಾದರೂ ಹೇಳಬಹುದಿತ್ತು. ಹಳೆಯದು ಎಂದಷ್ಟೇ ಹೇಳೀತು ಯಂತ್ರ — ಎಂದುಕೊಂಡೆ. ಕಾಫಿ ಇಟ್ಟು ಒಳಗೆ ಹೋದೆ.

ಮೇಡಂ ಫೋನು ಬಂದ ದಿನ ಜಗಲಿ ತುಂಬ ಜನ. ವೀಣಾ, ನೀನೇ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಅಜ್ಜಾ, ಬೇಜಾರ್ ಮಾಡ್ಕೋಬೇಡಿ. ಅದು ಕುದುರೇದಲ್ಲ, ಕತ್ತೇದು. ಅಷ್ಟೇನೂ ಹಳೇದೂ ಅಲ್ಲ."

ಕೈಲಿದ್ದ ಮೊರ ಜಾರಿ ರಾಗಿಯೆಲ್ಲ ಚೆಲ್ಲಿತು. ಅಲ್ಲೇ ಕೂತು ಬಳಿಯತೊಡಗಿದೆ. ಐವತ್ತು ವರ್ಷ ಯಾರೂ ಕಂಡಿಲ್ಲ ಎಂದುಕೊಂಡಿದ್ದೆ — ಚಿಟಿಕೆ ಪುಡಿಯಿಂದ ಅಷ್ಟನ್ನೂ ಹೇಗೆ ಕಂಡುಹಿಡಿದರು?

"ಏನ್ ರಂಗಪ್ಪಣ್ಣ, ಪಾಳೇಗಾರ್ರು ಕತ್ತೆ ಮ್ಯಾಲ್ ಯುದ್ಧಕ್ಕೋಯ್ತಿದ್ರಾ?" ಎಂದು ಯಾರೋ ದೊಡ್ಡಜ್ಜನನ್ನು ಕೇಳಿದರು. ಜಗಲಿಯೆಲ್ಲ ನಕ್ಕಿತು.

ದೊಡ್ಡಜ್ಜ ನಗಲಿಲ್ಲ. "ಅಂಗಾದ್ರೆ ನಮ್ಮಪ್ಪ ನನ್ನ ಕತ್ತೆಗೆ ಅಡ್ಡಬೀಳಿಸ್ದನಾ?" ಅಂದರು. ಅಷ್ಟೇ.

ಈ ಆಯುಧಪೂಜೆಗೆ ಅವರು ಅಪ್ಪನ ಪಟಕ್ಕೆ ಹೂ ಹಾಕಲಿಲ್ಲ. ನೀವು ನೋಡಿದಿರಿ. ಏಕೆಂದು ನಿಮಗೆ ಗೊತ್ತಿತ್ತು — ಯಾರಿಂದ ಎಂದು ಗೊತ್ತಿರಲಿಲ್ಲ.

ಮಾವನ ಮಾತು ನಿಜವೋ ಅಲ್ಲವೋ ನನಗೂ ತಿಳಿಯದು. ಅದನ್ನು ತೋರಿಸಬಹುದಾಗಿದ್ದ ಒಂದೇ ಹಲ್ಲನ್ನು ನಾನು ನೀರಿಗೆ ಚೆಲ್ಲಿದೆ. ಇನ್ನು ಯಾವ ಯಂತ್ರವೂ ಹೇಳಲಾರದು. ಆದರೆ ದೊಡ್ಡಜ್ಜನನ್ನು ಕತ್ತೆಗೆ ಅಡ್ಡಬೀಳಿಸಿದ್ದು ಅವರಪ್ಪನಲ್ಲ. ಇದೊಂದನ್ನು ಹೇಳಬಲ್ಲವಳು ನಾನೊಬ್ಬಳೇ.

ಭಾವನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ನಡೆಯಲ್ಲ. ಮದುವೆಯಾಗಿ ಬಂದಂದಿನಿಂದ ನಾನು ಅವರೊಡನೆ ನೇರ ಮಾತಾಡಿಲ್ಲ. ಈ ಕಾಗದವನ್ನು ನಿಮ್ಮಿಂದಲೇ ಅವರಿಗೆ ಓದಿಸೋಣ ಎಂದುಕೊಂಡಿದ್ದೆ. ಬೇಡ. ಅವರು ಜಗಲಿಯಲ್ಲಿ ಒಬ್ಬರೇ ಕೂತಿದ್ದಾರೆ. ಬರೆಯುವುದನ್ನು ನಿಲ್ಲಿಸಿ ಹೋಗುತ್ತೇನೆ.