ಅಂಕಲ್ ಕಟ್ಟಿದ ಟ್ರೈಲರ್

ಜರ್ಸಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಅಂಕಲ್, ಬ್ಯಾಂಕುಗಳು ಮುಳುಗಿ ತಮ್ಮ ಕೆಲಸ ಹೋದ ಬೇಸಿಗೆಯಲ್ಲೂ ಕ್ಯಾಂಪಿಂಗ್ ಬಿಡಲಿಲ್ಲ. ಬಿಚ್ಚಿದರೆ ಮಲಗಲು ಡೇರೆಯಾಗುವ ಮಡಚುವ ಕ್ಯಾಂಪರ್, ಎರಡು ಮೋಟರ್‌ಸೈಕಲ್ಲುಗಳನ್ನು ಕಾರಿನ ಹಿಂದೆ ಎಳೆಯುವ ಟ್ರೈಲರ್‌ಗೆ ಏರಿಸಿ, ಕಟ್ಟಿದ ಪ್ರತಿ ಪಟ್ಟಿಯನ್ನೂ ಎಳೆದು ನೋಡುತ್ತ, "ಅವಸರ ಇದ್ದೋರು ಬಸ್ ಹತ್ತಿ" ಎನ್ನುತ್ತಿದ್ದರು.

ನನ್ನನ್ನು ಕರೆದೊಯ್ದ ದಿನ, ಹೆದ್ದಾರಿಯಲ್ಲಿ ಟ್ರೈಲರ್ ಎಡಬಲಕ್ಕೆ ಓಲಾಡತೊಡಗಿತು.

"ರೀ, ಬ್ರೇಕ್ ಹಾಕ್ರೀ!" ಆಂಟಿ ಚೀರಿದರು.

ಅಂಕಲ್ ಬ್ರೇಕ್ ಮುಟ್ಟಲಿಲ್ಲ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರು. ವೇಗ ಇಳಿದಂತೆ ಓಲಾಟ ನಿಂತಿತು.

ಮುಂದಿನ ರೆಸ್ಟ್ ಏರಿಯಾದಲ್ಲಿ ಇಳಿದು ನೋಡಿದರೆ, ಟ್ರೈಲರಿನ ಹಿಂತುದಿಯಲ್ಲಿ ಅಕ್ಕಿಮೂಟೆ, ದೊಡ್ಡ ಪಾತ್ರೆಯ ತುಂಬ ಬಿರಿಯಾನಿ.

"ಇದನ್ನ ಯಾವಾಗ ಹತ್ತಿಸ್ದೆ?" ಅಂಕಲ್ ಆಂಟಿಯನ್ನು ಕೇಳಿದರು.

"ನೀವು ಸ್ನಾನಕ್ಕೆ ಹೋದಾಗ. ಪಕ್ಕದ ಟೆಂಟಿನೋರಿಗೆ ಕೊಡದೆ ತಿನ್ನೋಕಾಗುತ್ತಾ?"

"ಹಿಂದೆ ಭಾರ ಹೆಚ್ಚಾದ್ರೆ ಟ್ರೈಲರ್ ಕುಣಿಯುತ್ತೆ ಮಾರಾಯ್ತಿ."

ಅಕ್ಕಿಮೂಟೆಯನ್ನು ಮುಂಭಾಗಕ್ಕೆ ಸಾಗಿಸಿದೆವು. ಪಾತ್ರೆಗೆ ಅಲ್ಲಿ ಜಾಗವಿರಲಿಲ್ಲ. ಅಂಕಲ್ ಮುಚ್ಚಳ ತೆಗೆದು, ಪಕ್ಕದ ಲಾರಿಯ ಡ್ರೈವರನ್ನೂ ಊಟಕ್ಕೆ ಕೈಬೀಸಿ ಕರೆದರು.